ಉಸ್ತ್ರಾದಲ್ಲಿ ಶೇವ್ ಮಾಡಿದರೆ ಗದ್ದದ ಕೆಳಗೆ ಪ್ರತಿ ಸಲ ರಕ್ತ, ಎಲ್ಲಿ ತಪ್ಪುತ್ತಿದೆ?

ತೊಗರಿಬ್ಯಾಳಿ (ಕಲಬುರಗಿ)

ನಮಸ್ಕಾರ ಎಲ್ಲರಿಗೂ. ನೇರ ವಿಷಯಕ್ಕೆ ಬರುತ್ತೇನೆ. ಕಾರ್ಟ್ರಿಡ್ಜ್ ರೇಜರ್ ಬಿಟ್ಟು ಉಸ್ತ್ರಾ ಹಿಡಿದಿದ್ದೇನೆ. ಮೂರು ಬ್ಲೇಡಿನದು ಹಾಕಿದರೆ ಕುತ್ತಿಗೆ ತುಂಬಾ ಗುಳ್ಳೆ ಏಳುತ್ತಿದ್ದವು, ಅದರ ರೇಟೂ ಜಾಸ್ತಿ, ಮತ್ತೆ ಸುಳ್ಳು ಯಾಕೆ ಹೇಳಲಿ, ಕಟಿಂಗ್ ಅಂಗಡಿಯಲ್ಲಿ ಕೂತಾಗೆಲ್ಲ ಆ ಕತ್ತಿಯ ಕರಕರ ಸದ್ದು ಕೇಳಿ ಇದನ್ನ ನಾನೇ ಕಲಿಯಬೇಕು ಅಂತ ಮೊದಲಿಂದ ಆಸೆ.

ಕತ್ತಿ ಹಳೆಯದು. ಹೈದರಾಬಾದಿನ ಜುಮ್ಮೇರಾತ್ ಬಜಾರಿನಲ್ಲಿ ಸಿಕ್ಕಿತು. ಮಡಚುವಂಥದ್ದು, ಕಪ್ಪು ಹಿಡಿ, ಬುಡದ ಹತ್ತಿರ ಸೋಲಿಂಗನ್ (ಕತ್ತಿಗೆ ಹೆಸರಾದ ಜರ್ಮನಿಯ ಊರು) ಅಂತ ಅಚ್ಚು ಇದೆ. ಅಲಗಿನ ತುದಿ ದುಂಡಗಿಲ್ಲ, ಚೌಕ, ಮೂಲೆ ಸೂಜಿ ಇದ್ದ ಹಾಗಿದೆ. ಬ್ಲೇಡ್ ಬದಲಾಯಿಸುವ ಅಂಗಡಿ ಉಸ್ತ್ರಾ ಅಲ್ಲ ಇದು, ಪೂರ್ತಿ ಉಕ್ಕಿನ ಅಲಗು.

ಕೆನ್ನೆ ಮೇಲೆ ಹೇಗೋ ನಡೆಯುತ್ತದೆ. ಸ್ವಲ್ಪ ಎಳೆಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಆದರೆ ಗಾಯ ಆಗುವುದಿಲ್ಲ. ದವಡೆ ದಾಟಿ ಕೆಳಗೆ ಇಳಿದ ಕೂಡಲೇ ಕಥೆ ಶುರು. ಗದ್ದದ ಎರಡೂ ಮೂಲೆ, ದವಡೆ ಮೂಳೆಯ ಕೆಳಗೆ, ಗಂಟಲ ಗಂಟಿನ ಅಕ್ಕಪಕ್ಕ. ಅರ್ಧ ಸಲ ಸಾಸಿವೆಯಷ್ಟು ಚುಕ್ಕೆ ಚುಕ್ಕೆ ರಕ್ತ, ಮುಖ ತೊಳೆದ ಮೇಲೇ ಕಾಣುತ್ತದೆ. ಒಮ್ಮೊಮ್ಮೆ ಮಾತ್ರ ಸಪೂರ ಗೆರೆ, ಅದು ಬೇಗ ನಿಲ್ಲುವುದಿಲ್ಲ. ಆಫೀಸಿಗೆ ಪೇಪರ್ ಚೂರು ಅಂಟಿಸಿಕೊಂಡು ಹೋದರೆ "ಏನ್ರೀ ಸಾಹೇಬ್ರ, ಮನೆಯಾಗ ಜಗಳ ಆತೇನು" ಅಂತ ಕೇಳುವವರೇ ಎಲ್ಲ.

ಸ್ನಾನ ಆದ ಮೇಲೆ ಶೇವ್ ಮಾಡುತ್ತೇನೆ. ಬ್ರಶ್ಶಿಂದ ಕ್ರೀಮ್ ಹಚ್ಚುತ್ತೇನೆ. ಶೇವ್‌ಗೆ ಮುಂಚೆ ಪ್ಯಾಂಟಿನ ಬೆಲ್ಟ್ ಮೇಲೆ ಕತ್ತಿಯನ್ನು ನಾಲ್ಕು ಸಲ ಆಕಡೆ ಈಕಡೆ ಎಳೆಯುತ್ತೇನೆ. ವಿಡಿಯೋಗಳಲ್ಲಿ ಒಬ್ಬ ಮೂವತ್ತು ಡಿಗ್ರಿ ಅಂತಾನೆ, ಇನ್ನೊಬ್ಬ ಮಲಗಿಸಿ ಹಿಡಿ ಅಂತಾನೆ. ಕನ್ನಡಿ ಮುಂದೆ ನಿಂತವನು ಕೋನಮಾಪಕ ಹಿಡಿದು ಅಳೆಯಲು ಆಗುತ್ತದಾ? ನನ್ನ ಕೈಯದು ತಪ್ಪಾ, ಕತ್ತಿಯದು ತಪ್ಪಾ, ಅದು ಗೊತ್ತಾದರೆ ಸಾಕು.

ಬಿದರಿಕೈ (ಬೀದರ್)

ಒಳ್ಳೆಯದಾಯಿತು ಗಾಯ ಎರಡು ಥರ ಅಂತ ಬೇರೆ ಮಾಡಿ ಬರೆದಿದ್ದು. ಜಾಸ್ತಿ ಜನ "ಕಟ್ ಆಗುತ್ತೆ" ಅಂತ ಒಂದೇ ಮಾತು ಬರೆದು ಸುಮ್ಮನಾಗುತ್ತಾರೆ. ಎರಡಕ್ಕೂ ಕಾರಣ ಬೇರೆ.

ಚುಕ್ಕೆ ರಕ್ತ ಅಂದರೆ ಅಲಗು ಚರ್ಮವನ್ನು ಕೊಯ್ದಿಲ್ಲ, ಹೆರೆದಿದೆ. ರೋಮ ಹುಟ್ಟುವ ಜಾಗದಲ್ಲಿ ಚರ್ಮ ಸಣ್ಣಗೆ ಉಬ್ಬಿರುತ್ತದೆ, ಅದರ ತಲೆ ಹಾರಿಹೋಗುತ್ತದೆ. ಇದು ಒತ್ತಿ ಹಿಡಿದರೆ ಆಗುತ್ತದೆ, ಕತ್ತಿ ನೆಟ್ಟಗೆ ನಿಂತಿದ್ದರೆ ಆಗುತ್ತದೆ, ನೊರೆ ಹೋದ ಜಾಗದ ಮೇಲೆ ಮತ್ತೆ ಮತ್ತೆ ಎಳೆದರೂ ಆಗುತ್ತದೆ. ಸಪೂರ ಗೆರೆ ಅಂದರೆ ಅಲಗು ಅದರ ಉದ್ದಕ್ಕೆ ಜಾರಿದೆ. ಉಸ್ತ್ರಾ ಯಾವಾಗಲೂ ಅಲಗಿಗೆ ಅಡ್ಡಲಾಗಿ ಮುಂದೆ ಹೋಗಬೇಕು. ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಅದು ಶೇವ್ ಅಲ್ಲ, ಸೌತೆಕಾಯಿ ಹೆಚ್ಚುವ ಕೆಲಸ. ನಿಮ್ಮ ಕತ್ತಿಯ ಚೌಕ ಮೂಲೆ ಗದ್ದದ ತಿರುವಿನಲ್ಲಿ ಚುಚ್ಚಿಕೊಂಡರೂ ಇದೇ ಥರ ಗೆರೆ ಬರುತ್ತದೆ. ಆ ಮೂಲೆಯನ್ನು ನಯವಾದ ಸಾಣೆಕಲ್ಲಿನ ಮೇಲೆ ಹಗುರವಾಗಿ ಎರಡು ಮೂರು ಸಲ ಉಜ್ಜಿ ಮೊಂಡು ಮಾಡಿ. ಬರೀ ಮೂಲೆ, ಅಲಗು ಮುಟ್ಟಬೇಡಿ. ಹೊಸದಾಗಿ ಕಲಿಯುವವರು ದುಂಡು ತುದಿಯದ್ದೇ ತಗೊಳ್ಳಬೇಕು ಅನ್ನುವುದು ಇದಕ್ಕೇ.

ಕೋನ ಅಳೆಯಲು ಮಾಪಕ ಬೇಡ. ಕತ್ತಿಯನ್ನು ಕೆನ್ನೆ ಮೇಲೆ ಪೂರ್ತಿ ಮಲಗಿಸಿ, ಬೆನ್ನೂ (ಹರಿತ ಇಲ್ಲದ ದಪ್ಪ ಬದಿ) ಅಲಗೂ ಎರಡೂ ಚರ್ಮಕ್ಕೆ ತಾಗಬೇಕು. ಈಗ ಬೆನ್ನನ್ನು ಮಾತ್ರ ಎತ್ತಿ. ಎಷ್ಟು? ಆ ಬೆನ್ನು ಎಷ್ಟು ದಪ್ಪ ಇದೆಯೋ ಅಂಥ ಎರಡು ಬೆನ್ನು ಸಂದಿಯಲ್ಲಿ ಹಿಡಿಸುವಷ್ಟು, ಅದಕ್ಕಿಂತ ಮೇಲೆ ಬೇಡ. ಮೂವತ್ತು ಡಿಗ್ರಿ ಅನ್ನುವುದು ಹೆಚ್ಚು ಕಡಿಮೆ ಇದೇ. ಮಲಗಿಸಿ ಹಿಡಿ ಅನ್ನುವವನೂ ಇದನ್ನೇ ಇನ್ನೊಂದು ಥರ ಹೇಳುತ್ತಿದ್ದಾನೆ. ತೀರಾ ಮಲಗಿಸಿದರೆ ಕೂದಲು ಎಳೆಯುತ್ತದೆ, ತೀರಾ ಎತ್ತಿದರೆ ಚರ್ಮ ಹೆರೆಯುತ್ತದೆ. ತೊಂದರೆ ಏನೆಂದರೆ ಕೆನ್ನೆ ಮೇಲೆ ಸರಿ ಇದ್ದ ಕೋನ ದವಡೆ ತಿರುವಿನಲ್ಲಿ ತಾನಾಗಿ ಜಾಸ್ತಿ ಆಗುತ್ತದೆ. ಮುಖ ತಿರುಗಿತು, ಮಣಿಕಟ್ಟು ತಿರುಗಲಿಲ್ಲ. ನಿಮಗೆ ದವಡೆ ದಾಟಿದ ಮೇಲೇ ಗಾಯ ಆಗಲು ಒಂದು ಕಾರಣ ಇದು.

ಇನ್ನೊಂದು ಕಾರಣದ ಮೇಲೆ ನನಗೆ ಜಾಸ್ತಿ ಅನುಮಾನ. ಕೆನ್ನೆ ಮೇಲೆ ಎಳೆಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ ಅಂದಿರಲ್ಲ. ಹರಿತ ಇರುವ ಕತ್ತಿ ಕೆನ್ನೆ ಮೇಲೆ ಎಳೆಯುವುದೇ ಇಲ್ಲ. ಎಳೆದಾಗ ಕೈ ತನಗೆ ಗೊತ್ತಿಲ್ಲದೆ ಒತ್ತುತ್ತದೆ. ಕೆನ್ನೆ ಸಮತಟ್ಟು, ಒತ್ತಿದರೂ ತಡೆದುಕೊಳ್ಳುತ್ತದೆ. ಗದ್ದ ತಡೆದುಕೊಳ್ಳುವುದಿಲ್ಲ. ಮೊಂಡು ಕತ್ತಿಯಷ್ಟು ರಕ್ತ ಹರಿತ ಕತ್ತಿ ತೆಗೆಯುವುದಿಲ್ಲ, ಕೇಳಲು ಉಲ್ಟಾ ಅನಿಸಿದರೂ ಖರೇ. ಇದನ್ನು ಕೊನೇ ಸಲ ಹರಿತ ಮಾಡಿದ್ದು ಯಾವಾಗ, ಯಾರು?

ನಿದ್ದಿಗೆಟ್ಟ

ದೋಸ್ತ, ಟ್ರಿಮ್ಮರ್ ತಗೋ. ಮುಗೀತು.

ತೊಗರಿಬ್ಯಾಳಿ (ಕಲಬುರಗಿ)

ದೋಸ್ತ, ಟ್ರಿಮ್ಮರ್ ಇದೆ. ನಾನು ಕೇಳಿದ್ದು ಅದಲ್ಲ.

ಬಿದರಿಕೈ ಸರ್, ನೀವು ಹೇಳಿದ ಹಾಗೆ ಬೆನ್ನಿನ ದಪ್ಪ ನೋಡಿ ಹಿಡಿದೆ. ಕೆನ್ನೆಯಲ್ಲಿ ಫರಕ್ ಗೊತ್ತಾಯಿತು, ಆದರೆ ಎಳೆಯುವುದು ನಿಂತಿಲ್ಲ. ಹರಿತ ಮಾಡಿಸಿದ್ದು ನಮ್ಮ ಓಣಿಗೆ ಬರುವ ಸಾಣೆಯವರ ಹತ್ತಿರ. ಸೈಕಲ್ ಮೇಲೆ ಕಲ್ಲಿನ ಚಕ್ರ ಇಟ್ಟುಕೊಂಡು ಪೆಡಲ್ ತುಳಿದು ತಿರುಗಿಸುತ್ತಾರಲ್ಲ, ಅವರು. ಈಳಿಗೆ, ಕತ್ತರಿ ಎಲ್ಲ ಚಂದ ಮಾಡಿಕೊಡುತ್ತಾರೆ. ಕಿಡಿ ಹಾರಿಸಿ ಮಸೆದು ಕೊಟ್ಟರು, ಕಾಗದ ಕೊಯ್ದು ತೋರಿಸಿದರು, ನಾನೂ ನೋಡಿ ಖುಷಿಯಾದೆ. ಈಗ ನೋಡಿದರೆ ಅಲಗಿನ ತುದಿಯ ಹತ್ತಿರ ಸ್ವಲ್ಪ ಜಾಗ ನೀಲಿ ನೀಲಿ ಕಾಣುತ್ತದೆ. ಹಳೇ ಕಲೆ ಅಂದುಕೊಂಡಿದ್ದೆ. ಅದೇನಾ ತೊಂದರೆ?

ಬಿದರಿಕೈ (ಬೀದರ್)

ಅದೇ ತೊಂದರೆ.

ಸಾಣೆಯವರನ್ನು ಬೈಯಬೇಡಿ, ಅವರ ಕಲ್ಲು ಇರುವುದು ಈಳಿಗೆಗೆ. ಕಾಗದ ಕೊಯ್ಯುವ ಹರಿತ ಬೇರೆ, ನೇತಾಡುವ ಒಂದು ಕೂದಲನ್ನು ಮುಟ್ಟಿದ ಕೂಡಲೇ ತುಂಡು ಮಾಡುವ ಹರಿತ ಬೇರೆ. ಉಸ್ತ್ರಾದ ಎರಡೂ ಮಗ್ಗುಲು ಒಳಗೆ ತಗ್ಗಾಗಿರುತ್ತವೆ, ಬೆಳಕಿಗೆ ಹಿಡಿದು ನೋಡಿ. ಬೆನ್ನು ದಪ್ಪ, ನಡುವೆ ತೆಳು, ಅಲಗಿನ ಹತ್ತಿರ ಕಾಗದದಷ್ಟು ತೆಳು. ಅಷ್ಟು ತೆಳು ಉಕ್ಕು ಒಣ ಚಕ್ರಕ್ಕೆ ತಾಗಿದರೆ ಒಂದು ಕ್ಷಣದಲ್ಲಿ ಕಾದುಬಿಡುತ್ತದೆ. ನೀಲಿ ಬಣ್ಣ ಬಂತು ಅಂದರೆ ಆ ಜಾಗದ ಹದ ಹೋಗಿದೆ, ಉಕ್ಕು ಮೆತ್ತಗಾಗಿದೆ. ಅಲ್ಲಿ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಒಂದೇ ಸಮಾಧಾನ, ತುದಿಯ ಹತ್ತಿರ ಮಾತ್ರ ಅಂದಿರಿ. ನೀಲಿ ಭಾಗ ಅಲಗಿನ ಅಂಚಿನಲ್ಲೇ ಇದೆಯಾ, ಅಂಚಿನಿಂದ ಮೇಲೆ ಇದೆಯಾ ನೋಡಿ. ಅಂಚಿನಲ್ಲೇ ಸಣ್ಣಗೆ ಇದ್ದರೆ, ಕಲ್ಲಿನ ಮೇಲೆ ಅಷ್ಟು ಉಕ್ಕು ಸವೆಸಿ ಹೊಸ ಅಂಚು ತರಬಹುದು. ಅರ್ಧ ಅಲಗು ನೀಲಿ ಇದ್ದರೆ ಅದನ್ನು ಶೋಕೇಸಿನಲ್ಲಿ ಇಡಿ.

ಉಸ್ತ್ರಾ ಮಸೆಯುವುದು ಚಪ್ಪಟೆ ಕಲ್ಲಿನ ಮೇಲೆ, ನೀರು ಹಾಕಿ, ಬೆನ್ನು ಮತ್ತು ಅಲಗು ಎರಡನ್ನೂ ಒಟ್ಟಿಗೆ ಕಲ್ಲಿಗೆ ತಾಗಿಸಿ. ಕೋನ ನೀವು ಹಿಡಿಯಬೇಕಾಗಿಲ್ಲ, ಬೆನ್ನಿನ ದಪ್ಪವೇ ಕೋನ ಹಿಡಿದುಕೊಡುತ್ತದೆ, ಇದನ್ನು ಮಾಡಿದವನ ತಲೆಗೆ ಒಂದು ನಮಸ್ಕಾರ. ಮೊದಲು 1000 ಗ್ರಿಟ್ (ಅಂಕಿ ಜಾಸ್ತಿ ಆದಷ್ಟೂ ಕಲ್ಲು ನಯ) ಕಲ್ಲಿನಲ್ಲಿ ಅಂಚು ಕೂರಿಸಬೇಕು. ಹೆಚ್ಚಿನ ಕೆಲಸ ಅಲ್ಲೇ. ಅಂಚು ಬುಡದಿಂದ ತುದಿವರೆಗೆ ಒಂದೇ ಸಮ ಕೂರದೆ ಮುಂದಿನ ಕಲ್ಲಿಗೆ ಹೋದರೆ ಇಡೀ ದಿನ ಉಜ್ಜಿದರೂ ಪ್ರಯೋಜನ ಇಲ್ಲ. ಆಮೇಲೆ 4000 ಅಥವಾ 5000, ಆಮೇಲೆ 8000, ಕೈಲಾದರೆ 12000. ಎಲ್ಲ ಕಲ್ಲು ಕೊಂಡರೆ ಕತ್ತಿಯ ಹತ್ತು ಪಟ್ಟು ಖರ್ಚು, ಮೊದಲೇ ಹೇಳಿಬಿಡುತ್ತೇನೆ.

ಹರಿತ ಪರೀಕ್ಷೆಗೆ ಹೆಬ್ಬೆರಳು ಹಚ್ಚಬೇಡಿ. ಲೈಟಿನ ಕೆಳಗೆ ಅಲಗನ್ನು ಮೇಲ್ಮುಖ ಹಿಡಿದು ನೆಟ್ಟಗೆ ನೋಡಿ. ಅಂಚಿನ ಮೇಲೆ ಬಿಳಿ ಮಿಂಚು ಕಂಡರೆ ಆ ಜಾಗ ಮೊಂಡು. ಹರಿತ ಅಂಚಿಗೆ ಬೆಳಕು ಹಿಂದಿರುಗಿಸುವಷ್ಟು ಅಗಲ ಇರುವುದಿಲ್ಲ.

ಬೆಲ್ಟ್ ವಿಷಯ. ಆಫೀಸ್ ಬೆಲ್ಟಿಗೆ ಮೇಲೆ ಬಣ್ಣ, ಪಾಲಿಶ್ ಪದರ ಇರುತ್ತದೆ, ಅರ್ಧದಷ್ಟು ಬೆಲ್ಟು ಚರ್ಮವೇ ಅಲ್ಲ, ರೆಕ್ಸಿನ್. ಎರಡು ಇಂಚು ಮೇಲೆ ಅಗಲದ, ನಯವಾದ, ಬಣ್ಣ ಹಾಕದ ಚರ್ಮದ ಪಟ್ಟಿ ಬೇಕು. ಚಪ್ಪಲಿ ಹೊಲಿಯುವವರ ಹತ್ತಿರ ಕೇಳಿದರೆ ಒಂದು ಪಟ್ಟಿ ಕೊಯ್ದು ಕೊಡುತ್ತಾರೆ. ಬಾಗಿಲ ಚಿಲಕಕ್ಕೆ ಕಟ್ಟಿ ಬಿಗಿ ಎಳೆದು ಹಿಡಿಯಿರಿ. ಕತ್ತಿ ಹೋಗುವಾಗ ಬೆನ್ನು ಮುಂದೆ, ಅಲಗು ಹಿಂದೆ. ತುದಿ ಮುಟ್ಟಿದ ಮೇಲೆ ಬೆನ್ನಿನ ಮೇಲೆ ಹೊರಳಿಸಿ ವಾಪಸ್ ತನ್ನಿ. ಅಲಗಿನ ಮೇಲೆ ಹೊರಳಿಸಿದರೆ ಚರ್ಮವೂ ಹೋಯಿತು, ಹರಿತವೂ ಹೋಯಿತು. ಪಟ್ಟಿ ಜೋತುಬಿದ್ದರೆ ಅಂಚು ದುಂಡಗಾಗುತ್ತದೆ. ನಾಲ್ಕು ಸಲ ಎಳೆದರೆ ಏನೂ ಆಗುವುದಿಲ್ಲ. ಪ್ರತಿ ಶೇವ್‌ಗೆ ಮುಂಚೆ ಮೂವತ್ತು ನಲವತ್ತು ಸಲ ಹೋಗಿ ಬರಲಿ. ಸಿನಿಮಾದಲ್ಲಿ ತೋರಿಸುವ ಹಾಗೆ ಚಟಚಟ ಅನಿಸುವುದು ಬೇಡ, ನಿಧಾನ. ಪಟ್ಟಿ ಸಿಗುವ ತನಕ ಟೇಬಲ್ ಅಂಚಿಗೆ ಮಡಚಿದ ನ್ಯೂಸ್ ಪೇಪರ್ ಹಾಸಿ ಅದರ ಮೇಲೂ ಎಳೆಯಬಹುದು, ನಂಬಿ, ನಡೆಯುತ್ತದೆ.

ಅಷ್ಟು ಗಟ್ಟಿ ಉಕ್ಕು ಮೆತ್ತನೆ ಕೂದಲಿಗೆ ಹೇಗೆ ಸೋಲುತ್ತದೆ ಅಂತ ಕೇಳುತ್ತಾರೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ ಶೇವಿಂಗ್ ಬ್ಲೇಡ್ ಇಟ್ಟು ನೋಡಿದರು. ಬ್ಲೇಡ್ ಮೊಂಡಾಗುವುದು ಸವೆದು ಮಾತ್ರ ಅಲ್ಲ, ಕೂದಲು ಒಂದು ಕೋನದಲ್ಲಿ ಬಾಗಿ ತಾಗಿದಾಗ ಅಂಚಿನಿಂದ ಸಣ್ಣ ಚಕ್ಕೆ ಏಳುತ್ತದೆ ಅಂತ ಗೊತ್ತಾಯಿತು. ಕೂದಲನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡರೆ ನಿಮ್ಮ ಚರ್ಮಕ್ಕೂ ಒಳ್ಳೆಯದು, ಕತ್ತಿಗೂ ಒಳ್ಳೆಯದು.

ಕತ್ರಿಬಾಚಣಿಗಿ (ಯಾದಗಿರಿ)

ನಂದು ಕಟಿಂಗ್ ಅಂಗಡಿ. ಕಲ್ಲು, ಗ್ರಿಟ್ಟು ಎಲ್ಲ ಸರಿ, ಬೀದರ್ ಸರ್ ಚಲೋ ಹೇಳಿದ್ದಾರೆ. ಆದರೆ ತಮ್ಮಾ, ಇಷ್ಟು ಹೊತ್ತು ಎಲ್ಲರೂ ಬಲಗೈ ಬಗ್ಗೆನೇ ಮಾತಾಡಿದಿರಿ. ಶೇವ್ ಮಾಡುವುದು ಎಡಗೈ. ಬಲಗೈ ಕತ್ತಿಯನ್ನು ಸುಮ್ನೆ ಇಳಿಬಿಡುತ್ತದೆ ಅಷ್ಟೇ.

ಎಡಗೈ ಕೆಲಸ ಚರ್ಮ ಬಿಗಿ ಹಿಡಿಯುವುದು. ಸಡಿಲ ಚರ್ಮದ ಮೇಲೆ ಕತ್ತಿ ಇಟ್ಟರೆ ಅಲಗಿನ ಮುಂದೆ ಚರ್ಮ ಅಲೆಯ ಹಾಗೆ ಏಳುತ್ತದೆ, ಕತ್ತಿ ಆ ಅಲೆಯನ್ನು ಕೊಯ್ಯುತ್ತದೆ. ಬಲ ಕೆನ್ನೆ ಮಾಡುವಾಗ ಎಡಗೈಯನ್ನು ತಲೆ ಮೇಲಿಂದ ತಂದು ಬಲ ಕಿವಿಯ ಮುಂದಿನ ಚರ್ಮ ಮೇಲಕ್ಕೆ ಎಳೆ. ದವಡೆ ಕೆಳಗಿನದಕ್ಕೆ ಅಲ್ಲೇ ಹೋಗಿ ಕತ್ತಿ ಆಡಿಸಬೇಡ. ದವಡೆ ಮೇಲಿನ ಚರ್ಮ ಹಿಡಿದು ಕೆನ್ನೆ ಕಡೆ ಎಳೆದರೆ ಕೆಳಗಿನ ಚರ್ಮ ಮೂಳೆ ಮೇಲೆ ಹತ್ತಿ ಬರುತ್ತದೆ, ಅಲ್ಲಿ ಸಮತಟ್ಟು ಸಿಗುತ್ತದೆ, ಅಲ್ಲಿ ಹೊಡಿ. ಕುತ್ತಿಗೆಗೆ ತಲೆ ಹಿಂದೆ ಹಾಕಿ, ಕೊರಳ ಮೂಳೆ ಹತ್ತಿರ ಕೈ ಇಟ್ಟು ಕೆಳಕ್ಕೆ ಎಳೆ. ಗಂಟಲ ಗಂಟಿನ ಮೇಲೆ ಕತ್ತಿ ಓಡಿಸಲೇಬೇಡ, ಅಲ್ಲಿನ ಚರ್ಮವನ್ನು ಎರಡು ಬೆರಳಲ್ಲಿ ಒಂದು ಪಕ್ಕಕ್ಕೆ ಸರಿಸು, ಪಕ್ಕದಲ್ಲಿ ಮಾಡಿಕೊಂಡು ಬಿಟ್ಟುಬಿಡು. ಗದ್ದಕ್ಕೆ ಕೆಳತುಟಿಯನ್ನು ಹಲ್ಲಿನ ಒಳಗೆ ಮಡಚು, ತಾನಾಗಿ ಬಿಗಿಯಾಗುತ್ತದೆ.

ನೊರೆ ತಾಗಿದ ಬೆರಳು ಜಾರುತ್ತದೆ. ಅಂಗಡಿಯಲ್ಲಿ ನಾವು ಹೆಗಲ ಮೇಲಿನ ಟವೆಲ್ಲಿಗೆ ಬೆರಳು ಒರೆಸುತ್ತಲೇ ಇರುತ್ತೇವೆ, ನೋಡಿರಬೇಕು. ಜಾಸ್ತಿ ಜಾರಿದರೆ ಒದ್ದೆ ಬೆರಳನ್ನು ಫಿಟ್ಕರಿ (ಪಟಿಕ) ಮೇಲೆ ಉಜ್ಜಿಕೋ, ಹಿಡಿತ ಬರುತ್ತದೆ.

ಕತ್ತಿ ಹಿಡಿಯುವುದು ಹೀಗೆ. ಹಿಡಿ ಮೇಲಕ್ಕೆ ತೆರೆದಿರಲಿ. ಹೆಬ್ಬೆರಳು ಅಲಗಿನ ಬುಡದ ಕೆಳಗೆ, ಮೂರು ಬೆರಳು ಮೇಲೆ, ಕಿರುಬೆರಳು ಬುಡದ ಆಚೆ ಚಾಚಿದ ಸಣ್ಣ ಬಾಲದ ಮೇಲೆ. ಮುಷ್ಟಿ ಕಟ್ಟಬೇಡ. ಕತ್ತಿಗೆ ತನ್ನದೇ ತೂಕ ಇದೆ, ಅದು ಸಾಕು. ಒಂದೊಂದು ಸಲಕ್ಕೆ ಒಂದು ಇಂಚು, ಜಾಸ್ತಿ ಅಂದರೆ ಒಂದೂವರೆ. ಉದ್ದ ಎಳೆಯುವುದು ನೋಡಲು ಚಂದ. ಇನ್ನೊಂದು, ಕಣ್ಣು ಅಲಗಿನ ನಡುವೆ ಇರಬಾರದು, ತುದಿ ಮೇಲೆ ಇರಬೇಕು. ಗಾಯ ಮಾಡುವುದು ಬಹಳ ಸಲ ತುದಿಯೇ, ಯಾಕೆಂದರೆ ಅದು ನಿನ್ನ ಕಣ್ಣಿಂದ ದೂರ.

ನಮಗೆ ಗಿರಾಕಿ ಮುಖ ಎದುರಿಗೆ ಇರುತ್ತದೆ, ಸುತ್ತ ತಿರುಗಿ ಮಾಡುತ್ತೇವೆ. ನಿನಗೆ ಕನ್ನಡಿಯಲ್ಲಿ ಎಲ್ಲ ಉಲ್ಟಾ, ಮೇಲಾಗಿ ನಿನ್ನ ಕೈಯೇ ಅಡ್ಡ ಬರುತ್ತದೆ. ಎಡ ಕೆನ್ನೆಗೆ ಎಡಗೈಯಲ್ಲೇ ಹಿಡಿಯಲು ಕಲಿ. ಮೊದಲು ಮಡಚಿದ ಕತ್ತಿ ಹಿಡಿದು ನೊರೆ ತೆಗೆಯುವುದನ್ನು ಮಾಡು. ಹೊಸ ಹುಡುಗರಿಗೆ ನಾವು ಬಲೂನ್ ಊದಿ ಸೋಪು ಹಚ್ಚಿ ಕೊಡುತ್ತೇವೆ, ಒಡೆಯದೆ ನೊರೆ ತೆಗೆದರೆ ಆಮೇಲೆ ಮನುಷ್ಯನ ಮುಖ. ಸ್ವಲ್ಪ ದಿನ ಎರಡು ಕೆನ್ನೆ ಮಾತ್ರ ಉಸ್ತ್ರಾದಲ್ಲಿ ಮಾಡು, ಉಳಿದದ್ದು ನಿನ್ನ ಹಳೇ ರೇಜರಿನಲ್ಲಿ ಮುಗಿಸು. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನಿಲ್ಲ.

ನಡುವೆ ಯಾರಾದರೂ ಕರೆದರೆ ಮೊದಲು ಕತ್ತಿ ಮುಖದಿಂದ ತೆಗಿ, ಆಮೇಲೆ "ಹಾಂ" ಅನ್ನು. ಕರೆಂಟ್ ಹೋದರೂ ಅದೇ. ಕೈಯಿಂದ ಜಾರಿ ಬಿದ್ದರೆ ಹಿಡಿಯಲು ಹೋಗಬೇಡ, ಬೀಳಲಿ, ಕಾಲು ಹಿಂದೆ ತಗೋ.

ಕತ್ತಿ ಸರಿಯಾಗುವ ತನಕ ಅಂಗಡಿ ಉಸ್ತ್ರಾ ತಗೊಂಡು ಕೈ ಪಳಗಿಸು. ಬ್ಲೇಡನ್ನು ಅದರ ಕಾಗದದ ಒಳಗೇ ಉದ್ದಕ್ಕೆ ಮಡಚಿದರೆ ಎರಡು ತುಂಡಾಗುತ್ತದೆ, ಒಂದು ತುಂಡು ಒಂದು ಶೇವ್‌ಗೆ. ಹರಿತದ ಚಿಂತೆ ಇಲ್ಲ.

ಬಿದರಿಕೈ (ಬೀದರ್)

ಅಣ್ಣಾರ, ಎಡಗೈ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಕೊನೇದಕ್ಕೆ ಮಾತ್ರ ಸ್ವಲ್ಪ ತಕರಾರು. ಅಂಗಡಿ ಉಸ್ತ್ರಾದ ಬ್ಲೇಡ್ ಬಹಳ ಹರಿತ, ಕತ್ತಿಗೆ ತೂಕ ಇಲ್ಲ, ಮೂಲೆ ಎರಡೂ ಚೂಪು. ಒಳ್ಳೆ ಉಕ್ಕಿನ ಉಸ್ತ್ರಾ ಸಣ್ಣ ತಪ್ಪನ್ನು ಮಾಫ್ ಮಾಡುತ್ತದೆ, ಅದು ಮಾಡುವುದಿಲ್ಲ. ಕೈ ಪಳಗಿದ ನಿಮ್ಮಂಥವರಿಗೆ ಗೊತ್ತಾಗುವುದಿಲ್ಲ.

ಕತ್ರಿಬಾಚಣಿಗಿ (ಯಾದಗಿರಿ)

ಮಾಫ್ ಮಾಡುವುದಿಲ್ಲ, ಖರೇ. ಅದಕ್ಕೇ ಒತ್ತುವ ಚಟ ಬೇಗ ಬಿಡುತ್ತದೆ. ಬ್ಲೇಡ್ ತುಂಡಿನ ಎರಡು ತುದಿಯ ಸಣ್ಣ ಕಿವಿ ಮುರಿದು ಕೂರಿಸಿದರೆ ಮೂಲೆ ಹೊರಗೆ ಚಾಚುವುದಿಲ್ಲ. ಅಂಚು ಬುಡದಿಂದ ತುದಿವರೆಗೆ ಒಂದೇ ಸಮ ಹೊರಗೆ ಕಾಣಬೇಕು, ಸೊಟ್ಟ ಕೂತರೆ ತೆಗೆದು ಮತ್ತೆ ಹಾಕಬೇಕು. ಮೊಂಡು ಸೋಲಿಂಗನ್‌ಗಿಂತ ಹೊಸ ಬ್ಲೇಡ್ ವಾಸಿ, ಇದಕ್ಕಾದರೂ ಒಪ್ಪುತ್ತೀರಲ್ಲ ಸರ್?

ಬಿದರಿಕೈ (ಬೀದರ್)

ಇದಕ್ಕೆ ಒಪ್ಪಿದೆ.

ಪರ್ಸಿಕಲ್ಲು (ಶಹಾಬಾದ್)

ನೊರೆ ಬಗ್ಗೆ ಯಾರೂ ಮಾತೇ ಆಡಲಿಲ್ಲ. ನಮ್ಮ ಕಡೆ ಅರ್ಧ ಗಾಯ ನೀರಿಂದಲೇ ಆಗುತ್ತದೆ.

ಶಹಾಬಾದ್, ಚಿತ್ತಾಪುರ, ಸೇಡಂ, ಇದೆಲ್ಲ ಸುಣ್ಣಕಲ್ಲಿನ ನೆಲ. ಮನೆಗೆ ಹಾಸುವ ಕಲ್ಲೂ ಅದೇ, ಸಿಮೆಂಟೂ ಅದರಿಂದಲೇ. ಬೋರ್ ನೀರಲ್ಲಿ ಆ ಸುಣ್ಣ ಕರಗಿ ಬರುತ್ತದೆ. ಗಡಸು ನೀರಲ್ಲಿ ಸೋಪು ನೊರೆ ಆಗುವ ಬದಲು ಬಿಳಿ ಗಷ್ಟಾಗಿ ಕೂರುತ್ತದೆ, ಬಕೆಟ್ ಅಂಚಿನಲ್ಲಿ ಅಂಟುತ್ತದಲ್ಲ, ಅದು. ಮುಖದ ಮೇಲೆ ನೊರೆ ಕಾಣುತ್ತದೆ, ಆದರೆ ಬರೀ ಗಾಳಿಗುಳ್ಳೆ, ಜಾರಿಕೆ ಇಲ್ಲ. ಕಲಬುರಗಿಯಲ್ಲಿ ನಿಮ್ಮ ಮನೆಗೆ ಯಾವ ನೀರು ಬರುತ್ತದೋ, ಬೋರ್ ಆಗಿದ್ದರೆ ಒಂದು ಮಗ್ ಫಿಲ್ಟರ್ ನೀರು ಶೇವ್‌ಗೆ ಅಂತ ತೆಗೆದಿಡಿ. ಫಿಲ್ಟರ್ ಇಲ್ಲದಿದ್ದರೆ ನೀರು ಕುದಿಸಿ, ಆರಿಸಿ, ತಳ ಕದಡದೆ ಮೇಲಿನದು ತಗೊಳ್ಳಿ. ಕುದಿಸಿದಾಗ ಒಂದಷ್ಟು ಸುಣ್ಣ ತಳಕ್ಕೆ ಕೂರುತ್ತದೆ. ಎಲ್ಲ ಹೋಗುವುದಿಲ್ಲ, ಆದರೆ ಫರಕ್ ಕಾಣುತ್ತದೆ. ಕ್ರೀಮ್ ಸ್ವಲ್ಪ ಜಾಸ್ತಿ ಹಾಕಿ, ನೀರು ಹನಿ ಹನಿಯಾಗಿ ಸೇರಿಸಿ, ಬ್ರಶ್ ಎತ್ತಿದರೆ ನೊರೆಯ ತುದಿ ಬಾಗಿ ನಿಲ್ಲಬೇಕು. ಗುಳ್ಳೆ ಕಣ್ಣಿಗೆ ಕಾಣಬಾರದು, ಮೊಸರಿನ ಹೊಳಪು ಇರಬೇಕು.

ಎರಡನೇದು ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮ ಒಣ ಗಾಳಿಗೆ ಹಚ್ಚಿದ ನೊರೆ ಐದು ನಿಮಿಷ ನಿಲ್ಲುವುದಿಲ್ಲ, ಮೇಲೆ ಫ್ಯಾನ್ ಇದ್ದರೆ ಮುಗಿದೇ ಹೋಯಿತು. ಉಸ್ತ್ರಾದಲ್ಲಿ ಕೆಲಸ ನಿಧಾನ, ನೀವು ಕುತ್ತಿಗೆಗೆ ಬರುವಷ್ಟರಲ್ಲಿ ಅಲ್ಲಿನ ನೊರೆ ಒಣಗಿ ಹಪ್ಪಳ. ಗಾಯ ಅಲ್ಲೇ ಯಾಕೆ ಆಗುತ್ತದೆ ಅಂತ ಕೇಳಿದಿರಿ! ಇಡೀ ಮುಖಕ್ಕೆ ಒಟ್ಟಿಗೆ ಹಚ್ಚಬೇಡಿ. ಒಂದು ಪಕ್ಕ ಹಚ್ಚಿ, ಮುಗಿಸಿ, ಇನ್ನೊಂದು ಪಕ್ಕ. ಹಚ್ಚಿದ ಮೇಲೆ ಎರಡು ನಿಮಿಷ ಬ್ರಶ್ ಆಡಿಸುತ್ತ ಇರಿ, ಕೂದಲು ನೀರು ಕುಡಿಯಲಿ. ಮಧ್ಯಾಹ್ನ ಮಾಡಬೇಡಿ, ಬೆವರಿಗೆ ಎಡಗೈ ಹಿಡಿತ ಸಿಗುವುದಿಲ್ಲ. ಬೆಳಗ್ಗೆ ಬೇಗ ಮುಗಿಸಿ.

ದವಾಖಾನಿ ಅಕ್ಕ (ಕಲಬುರಗಿ)

ನಾನು ನರ್ಸ್. ಗಡ್ಡದ ಕಷ್ಟ ನನಗಿಲ್ಲ, ಗಾಯದ ಮಾತು ಗೊತ್ತು.

ತೊಗರಿಬ್ಯಾಳಿ ಅವರೇ, ಸಂತೆಯಲ್ಲಿ ತಂದ ಹಳೇ ಕತ್ತಿ ಅಂದಿರಿ. ಅದನ್ನು ಯಾರ ಮುಖಕ್ಕೆ ಹಚ್ಚಿದ್ದರೋ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಜೀವಂತ ಇರುತ್ತದೆ. ನಿಮ್ಮದು ಅಂಗಡಿಯಲ್ಲಿ ಎಷ್ಟೋ ಕಾಲ ಬಿದ್ದಿರಬಹುದು, ಆದರೂ ಸೋಪು ಹಚ್ಚಿ ಹಳೇ ಬ್ರಶ್ಶಿನಿಂದ ಹಿಡಿಯ ಸಂದಿ ಎಲ್ಲ ಉಜ್ಜಿ, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ನೆನೆಸಿ, ಒರೆಸಿ ಒಣಗಿಸಿ. ಇನ್ನು ಮೇಲೆ ಅಣ್ಣ ತಮ್ಮ ಯಾರಿಗೂ ಕೊಡಬೇಡಿ. ಫಿಟ್ಕರಿಯೂ ಅಷ್ಟೇ, ನಿಮ್ಮದು ನಿಮಗೆ.

ರೇಜರ್ ಓಡಿದ ಮೇಲೆ ಕಣ್ಣಿಗೆ ಕಾಣದ ಗೀರು ಇದ್ದೇ ಇರುತ್ತವೆ. ಇದೇ ಕಾರಣಕ್ಕೆ ಆಪರೇಷನ್‌ಗೆ ಮುಂಚೆ ರೇಜರ್ ಹಾಕಬೇಡಿ, ಕೂದಲು ತೆಗೆಯಲೇಬೇಕಿದ್ದರೆ ಕ್ಲಿಪ್ಪರ್ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಹಾಗಂತ ಶೇವ್ ಬಿಡಿ ಅನ್ನುತ್ತಿಲ್ಲ, ಶುಚಿ ನೋಡಿಕೊಳ್ಳಿ ಅಷ್ಟೇ. ರಕ್ತ ಬಂದರೆ ತಣ್ಣೀರಲ್ಲಿ ತೊಳೆದು ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡುವುದು ಬೇಡ. ಪೇಪರ್ ಚೂರು ತೆಗೆಯುವಾಗ ಗಾಯ ಮತ್ತೆ ಬಾಯಿ ಬಿಡುತ್ತದೆ. ಟಿಟಿ ಇಂಜೆಕ್ಷನ್ ಹತ್ತು ವರ್ಷದ ಒಳಗೆ ಆಗಿದೆಯಾ ನೋಡಿಕೊಳ್ಳಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಶುಗರ್ ಹತೋಟಿಯಲ್ಲಿ ಇಲ್ಲದವರು ಈ ಹವ್ಯಾಸಕ್ಕೆ ಮುಂಚೆ ಡಾಕ್ಟರ್ ಹತ್ತಿರ ಕೇಳಬೇಕು.

ಮತ್ತೆ ಆ ಗುಳ್ಳೆ. ಗುಂಗುರು ಕೂದಲು ಇರುವವರಿಗೆ ಚರ್ಮ ಬಿಗಿ ಎಳೆದು ಉಲ್ಟಾ ದಿಕ್ಕಿನಲ್ಲಿ ಹೊಡೆದರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗುತ್ತದೆ, ಬೆಳೆಯುವಾಗ ಒಳಗೇ ಬಾಗಿ ಚುಚ್ಚುತ್ತದೆ. ಹಾಗಾಗಿ ಯಾದಗಿರಿ ಅಣ್ಣ ಹೇಳಿದ ಹಾಗೆ ಬಿಗಿ ಹಿಡಿಯಿರಿ, ಆದರೆ ಕೂದಲು ಮಲಗಿದ ದಿಕ್ಕಿಗೆ ಮಾತ್ರ ಹೋಗಿ. ನುಣ್ಣಗೆ ಬರಲಿಲ್ಲ ಅಂತ ಮೂರನೇ ಸಲ ಹೋಗಬೇಡಿ.

ತೊಗರಿಬ್ಯಾಳಿ (ಕಲಬುರಗಿ)

ಅಕ್ಕಾ, ಥ್ಯಾಂಕ್ಸ್. ಈ ದಿಕ್ಕಿನ ಮಾತು ಓದಿ ಎರಡು ದಿನದ ಗಡ್ಡದ ಮೇಲೆ ಬೆರಳು ಆಡಿಸಿ ನೋಡಿದೆ. ಕೆನ್ನೆಯಲ್ಲಿ ಎಲ್ಲ ಕೆಳಗೆ ಮಲಗಿದೆ. ಬಲಗಡೆ ಕುತ್ತಿಗೆಯೂ ಹಾಗೇ. ಎಡಗಡೆ ದವಡೆ ಕೆಳಗೆ ಮಾತ್ರ ಕೂದಲು ಕಿವಿ ಕಡೆ ಅಡ್ಡ ಮಲಗಿದೆ, ಅದರ ಕೆಳಗೆ ಕುತ್ತಿಗೆಯಿಂದ ಮೇಲಕ್ಕೆ ಬರುತ್ತದೆ, ನಡುವೆ ಒಂದು ಸುಳಿ. ಗಾಯ ಜಾಸ್ತಿ ಆಗುವುದೂ ಅಲ್ಲೇ. ಇಷ್ಟು ದಿನ ಮೇಲಿಂದ ಕೆಳಗೆ ಒಂದೇ ಸಮ ಇಳಿಸುತ್ತಿದ್ದೆ. ಸುಳಿಯಲ್ಲಿ ಯಾವ ದಿಕ್ಕಿಗೆ ಹೋಗಬೇಕು? ಕತ್ತಿ ಸದ್ಯಕ್ಕೆ ಎತ್ತಿಟ್ಟಿದ್ದೇನೆ, ನೀಲಿ ಅಂಚಿನಲ್ಲೇ ಇದೆ, ಬೆರಳ ಉಗುರಿನಷ್ಟು ಅಗಲ. ಅಂಗಡಿ ಉಸ್ತ್ರಾ ತಂದಿದ್ದೇನೆ.

ಕತ್ರಿಬಾಚಣಿಗಿ (ಯಾದಗಿರಿ)

ಸುಳಿಯನ್ನು ಒಂದೇ ದಿಕ್ಕಿನಲ್ಲಿ ಗೆಲ್ಲಲು ಆಗುವುದಿಲ್ಲ ತಮ್ಮಾ. ಮೂರು ತುಂಡು ಮಾಡಿಕೋ. ದವಡೆ ಕೆಳಗಿನ ಅಡ್ಡ ಕೂದಲಿಗೆ ಗದ್ದದಿಂದ ಕಿವಿ ಕಡೆ ಅಡ್ಡಲಾಗಿ ಹೋಗು, ಬಲಗೈಯಲ್ಲೇ ಆಗುತ್ತದೆ, ಮುಖ ಬಲಕ್ಕೆ ತಿರುಗಿಸಿಕೋ. ಕೆಳಗಿನದಕ್ಕೆ ಕುತ್ತಿಗೆಯಿಂದ ಮೇಲಕ್ಕೆ, ಅದಕ್ಕೆ ಚರ್ಮವನ್ನು ಕೆಳಗೆ ಎಳೆದು ಹಿಡಿ. ನಡುವಿನ ಸುಳಿಗೆ ಅರ್ಧ ಇಂಚಿನ ಹೊಡೆತ, ಕತ್ತಿ ಇನ್ನೂ ಸ್ವಲ್ಪ ಮಲಗಿರಲಿ, ಎರಡನೇ ಸಲ ನೊರೆ ಹಚ್ಚಿಕೊಂಡೇ ಹೋಗು. ಅಲ್ಲಿ ನಾಲ್ಕು ಕೂದಲು ಉಳಿದರೆ ಉಳಿಯಲಿ, ಯಾರೂ ಬಗ್ಗಿ ನೋಡುವುದಿಲ್ಲ.

ಮೇಲ್ತುಟಿಗೆ ತುಟಿಯನ್ನು ಹಲ್ಲಿನ ಮೇಲೆ ಕೆಳಗೆ ಎಳೆ, ಮೂಗಿನ ತುದಿ ಬೆರಳಲ್ಲಿ ಮೇಲೆತ್ತು, ಮೇಲಿಂದ ಕೆಳಗೆ ಸಣ್ಣ ಸಣ್ಣದು. ಮೀಸೆ ಇಟ್ಟಿದ್ದರೆ ಅದರ ಅಂಚು ಹೊಡೆಯುವುದಕ್ಕೆ ಈಗಲೇ ಕೈ ಹಾಕಬೇಡ. ಅದಕ್ಕೆ ಹತ್ತಿರದ ಯಾವುದಾದರೂ ಅಂಗಡಿಗೆ ಹೋಗು, ನಮ್ಮ ಮಂದಿಗೂ ಒಂದಿಷ್ಟು ಗಿರಾಕಿ ಬೇಕಲ್ಲ.